ಹೈದರಾಬಾದಿಗೆ ಆಸ್ಪತ್ರೆ ಕೆಲಸ: ಆಟೋಗೆ ದುಡ್ಡು ಸುರಿಯದೆ ಓಡಾಡೋದು ಹೇಗೆ?

ತೊಗರಿಹೊಲ (ಕಲಬುರಗಿ)
ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಅಪ್ಪನನ್ನು ಹೈದರಾಬಾದಿನ ನಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕಿಡ್ನಿ ತೊಂದರೆ. ಐದು ದಿನ ಅಲ್ಲೇ ಇರಬೇಕಾಗಬಹುದು. ದಿಲ್‌ಸುಖ್‌ನಗರದಲ್ಲಿ ಅತ್ತೆ ಮಗನ ರೂಮ್ ಇದೆ, ಉಳಿಯೋ ಚಿಂತೆ ಇಲ್ಲ. ಚಿಂತೆ ಏನಿದ್ದರೂ ಓಡಾಟದ್ದು.

ಹೋದ ಸಲ ಮೂರು ದಿನ ಇದ್ದೆವು. ಆಟೋಗೇ ಎರಡು ಸಾವಿರದ ನಾನೂರು ರೂಪಾಯಿ ಹೋಯಿತು. ಮಾತ್ರೆಗೂ ಅಷ್ಟು ಆಗಿರಲಿಲ್ಲ. ಬಸ್ ಸ್ಟಾಂಡಿನಲ್ಲಿ ಇಳಿದ ಕೂಡಲೇ ಒಬ್ಬ ಆಟೋದವ ನಮ್ಮ ರೊಟ್ಟಿ ಬುತ್ತಿ ನೋಡಿ "ಗುಲ್ಬರ್ಗಾ ಸೇ ಆಯೇ ಕ್ಯಾ?" ಅಂದ. ನಾನು ಖುಷಿಯಿಂದ ಹೌದು ಅಂದೆ. ಆ ಖುಷಿಗೆ ನೂರು ರೂಪಾಯಿ ಜಾಸ್ತಿ ಬಿತ್ತು.

ಇಲ್ಲಿ ಸೂಪರ್ ಮಾರ್ಕೆಟಿನಲ್ಲಿ ನಿಂತರೆ ಟಂಟಂ, ಅಂದ್ರೆ ಶೇರ್ ಆಟೋ, ತಾನಾಗಿಯೇ ಬಂದು ಕೂರಿಸಿಕೊಂಡು ಹೋಗುತ್ತೆ. ಅಲ್ಲಿ ಯಾವ ಬಸ್ಸು, ಯಾವ ರೈಲು ಅಂತ ತಲೆ ತಿರುಗುತ್ತೆ. ಅಪ್ಪನಿಗೆ 71 ವಯಸ್ಸು, ಕೋಲು ಹಿಡಿದು ನಿಧಾನ ನಡೆಯುತ್ತಾನೆ. ಹೋಗಿ ಬಂದವರು ದಯವಿಟ್ಟು ಹೇಳಿ. ಬಸ್ಸೋ ರೈಲೋ? ಎಲ್ಲಿ ಇಳಿಯಬೇಕು? ದಿನಾ ಹೋಗಿ ಬರೋದು ಹೇಗೆ?

ಹುಮನಾಬಾದ್ ಹುಡುಗ
ನಿಮ್ಸ್, ದಿಲ್‌ಸುಖ್‌ನಗರ ಎರಡೂ ಮೆಟ್ರೋದ ಒಂದೇ ಲೈನಿನಲ್ಲಿವೆ. ಕೆಂಪು ಲೈನು. ನಡುವೆ ಎಲ್ಲೂ ಗಾಡಿ ಬದಲಿಸೋ ಹಾಗಿಲ್ಲ. ನಿಮ್ಮ ಅರ್ಧ ತಲೆನೋವು ಇಲ್ಲಿಗೇ ಮುಗಿಯಿತು.

ಕೂಕಟ್‌ಪಲ್ಲಿ ಕನ್ನಡಿಗ
ನಾನು ಕಲಬುರಗಿಯವನೇ. ಎಂಟು ವರ್ಷದಿಂದ ಇಲ್ಲಿ ಕೆಲಸ. ತಿಂಗಳಿಗೆ ಎರಡು ಸಲ ಊರಿಗೆ ಬಂದು ಹೋಗ್ತೀನಿ. ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಮೊದಲನೇ ಮಾತು, ನಮ್ಮ ಬಸ್ಸನ್ನು ಕೊನೇ ಸ್ಟಾಪಿನವರೆಗೂ ಹಿಡಿದು ಕೂರಬೇಡಿ. ನಮ್ಮವರು ಮಾಡೋ ದೊಡ್ಡ ತಪ್ಪೇ ಇದು. ಹುಮನಾಬಾದ್, ಜಹೀರಾಬಾದ್ ಮೇಲೆ ಬರುವ ಬಸ್ಸು ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಮಿಯಾಪುರಕ್ಕೆ ಬರುತ್ತೆ. ಅಲ್ಲಿವರೆಗೂ ಸಲೀಸು. ಅಲ್ಲಿಂದ ಇಮ್ಲಿಬನ್, ಅಂದ್ರೆ ಎಂಜಿಬಿಎಸ್ ಬಸ್ ಸ್ಟಾಂಡು ಮುಟ್ಟೋದಕ್ಕೆ ಕೂಕಟ್‌ಪಲ್ಲಿ, ಎರ್ರಗಡ್ಡ, ಅಮೀರ್‌ಪೇಟ್ ಎಲ್ಲಾ ದಾಟಬೇಕು. ಸಂಜೆ ಹೊತ್ತಾದರೆ ಒಂದೂವರೆ ಗಂಟೆ ಅಲ್ಲೇ ಹೋಗುತ್ತೆ. ಹುಮನಾಬಾದಿನಿಂದ ಜಹೀರಾಬಾದಿಗೆ ಬರೋಕೂ ಅಷ್ಟು ಹೊತ್ತು ಬೇಡ.

ಕೆಂಪು ಲೈನು ಶುರುವಾಗೋದೇ ಮಿಯಾಪುರದಲ್ಲಿ. ಅಲ್ಲಿಂದ ಎಲ್.ಬಿ. ನಗರದವರೆಗೆ 29 ಕಿಲೋಮೀಟರ್, 27 ಸ್ಟೇಷನ್. ಮೊದಲ ಸ್ಟೇಷನ್ ಆದ್ದರಿಂದ ಖಾಲಿ ಗಾಡಿ ಬಂದು ನಿಲ್ಲುತ್ತೆ, ಅಪ್ಪನಿಗೆ ಸೀಟು ಗ್ಯಾರಂಟಿ. ಮಿಯಾಪುರ ಒಂದನೇದು ಅಂತ ಎಣಿಸಿದರೆ ಅಮೀರ್‌ಪೇಟ್ 11ನೇದು, ಪಂಜಗುಟ್ಟ 12ನೇದು, ದಿಲ್‌ಸುಖ್‌ನಗರ 24ನೇದು. ಲಗೇಜ್ ಇದೆಯಲ್ಲ, ಮೊದಲ ದಿನ ಸೀದಾ ದಿಲ್‌ಸುಖ್‌ನಗರಕ್ಕೆ ಹೋಗಿ ಚೀಲ ಇಡಿ. ಮಾರನೇ ದಿನದಿಂದ ಆಸ್ಪತ್ರೆ.

ಟಿಕೆಟ್ ದರ 2025ರ ಮೇ ತಿಂಗಳಲ್ಲಿ ಏರಿತು. ರಿಯಾಯಿತಿ ಕಳೆದು ಕನಿಷ್ಠ 11, ಗರಿಷ್ಠ 69 ರೂಪಾಯಿ. ಇಲ್ಲಿಯವರು ಏರಿತು ಅಂತ ಗೊಣಗ್ತಾರೆ. ನಿಮ್ಮ ಎರಡು ಸಾವಿರದ ನಾನೂರರ ಮುಂದೆ ಅದೇನೂ ಅಲ್ಲ.

ಸೇಡಂ ರಸ್ತೆ
ಮೇಲಿನವರು ಹೇಳಿದ್ದು ಸರಿ, ಆದರೆ ಒಂದು ಮಾತು ಬಿಟ್ಟರು. ಕಲಬುರಗಿಯಿಂದ ಎಲ್ಲಾ ಬಸ್ಸೂ ಮಿಯಾಪುರ ಮೇಲೆ ಹೋಗೋಲ್ಲ. ಸೇಡಂ ಮೇಲೆ ಹೋಗುವ ಬಸ್ಸು ಚೇವೆಳ್ಳ ಕಡೆಯಿಂದ ಬಂದು ಮೆಹದಿಪಟ್ನಂ ಹತ್ತಿರ ಊರೊಳಗೆ ನುಗ್ಗುತ್ತೆ. ಮೆಹದಿಪಟ್ನಂನಲ್ಲಿ ಮೆಟ್ರೋನೇ ಇಲ್ಲ. ಅಲ್ಲಿಂದ ಸಿಟಿ ಬಸ್ ಹಿಡಿದು ಲಕಡಿಕಾಪೂಲ್‌ಗೆ ಬಂದು ಮೆಟ್ರೋ ಹತ್ತಬೇಕು. ಹಾಗಾಗಿ ಹತ್ತೋ ಮುಂಚೆ ಕಂಡಕ್ಟರನ್ನು ಕೇಳಿ, "ಹುಮನಾಬಾದ್ ಮೇಲೋ, ಸೇಡಂ ಮೇಲೋ?" ನಾನು ಕೇಳದೇ ಹತ್ತಿ, ಮಿಯಾಪುರ ಯಾವಾಗ ಬರುತ್ತೆ ಅಂತ ಕಿಟಕಿಯಲ್ಲಿ ಇಣುಕಿ ಇಣುಕಿ ಮೆಹದಿಪಟ್ನಂಗೆ ಬಂದು ಇಳಿದವನು.

ಬೀದರಿನ ಅಕ್ಕ
ನಾನು ಮಿಯಾಪುರದ ಮಾತು ಒಪ್ಪೋಲ್ಲ. ವಯಸ್ಸಾದವರು ಜೊತೆಗಿದ್ದಾರೆ, ಎರಡು ಚೀಲ ಇದೆ. ಹೈವೇ ಪಕ್ಕ ಇಳಿಸಿ ಬಸ್ಸು ಹೊರಟು ಹೋಗುತ್ತೆ. ಎಲ್ಲಿದ್ದೀವಿ ಅಂತ ತಿಳಿಯೋ ಮುಂಚೆ ನಾಲ್ಕು ಆಟೋದವರು ಮುತ್ತಿಕೊಳ್ಳುತ್ತಾರೆ. ಎಂಜಿಬಿಎಸ್‌ನಲ್ಲಿ ಹಾಗಲ್ಲ. ನೆರಳಿದೆ, ಶೌಚಾಲಯ ಇದೆ, ನೀರಿದೆ. ಬಸ್ ಸ್ಟಾಂಡಿನಿಂದ ಮೆಟ್ರೋಗೆ ಮೇಲಿನಿಂದಲೇ ದಾರಿ ಇದೆ, ರಸ್ತೆ ದಾಟೋ ಕೆಲಸ ಇಲ್ಲ. ಅಲ್ಲಿಂದ ದಿಲ್‌ಸುಖ್‌ನಗರ ನಾಲ್ಕೇ ಸ್ಟೇಷನ್. ಒಂದು ಗಂಟೆ ತಡವಾದರೆ ಆಗಲಿ ಬಿಡಿ, ಬಸ್ಸಿನಲ್ಲಿ ಕೂತೇ ಇರ್ತೀರಲ್ವಾ?

ಕೂಕಟ್‌ಪಲ್ಲಿ ಕನ್ನಡಿಗ
ಅಕ್ಕ, ಒಂದು ಗಂಟೆ ಅಂದ್ರೆ ಕಿಡ್ನಿ ರೋಗಿಗೆ ಕಡಿಮೆ ಹೊತ್ತಲ್ಲ. ಟ್ರಾಫಿಕ್‌ನಲ್ಲಿ ನಿಂತ ಬಸ್ಸಿನಲ್ಲಿ ಅವಸರಕ್ಕೆ ಬಂದರೆ ಎಲ್ಲಿ ಇಳಿಸ್ತೀರಿ?

ಬೀದರಿನ ಅಕ್ಕ
ಅದು ಹೌದು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಹುಮನಾಬಾದ್ ಹುಡುಗ
ಮಿಯಾಪುರ ತಪ್ಪಿದರೂ ಗಾಬರಿ ಬೇಡ. ಅಲ್ಲಿಂದ ಅಮೀರ್‌ಪೇಟ್‌ವರೆಗೂ ಮೆಟ್ರೋ ನಮ್ಮ ಬಸ್ಸಿನ ತಲೆ ಮೇಲೇ ಓಡುತ್ತೆ. ಅದೇ ರಸ್ತೆ, ನಡುವೆ ಕಂಬ. ಜೆಎನ್‌ಟಿಯು, ಕೆಪಿಎಚ್‌ಬಿ, ಕೂಕಟ್‌ಪಲ್ಲಿ, ಬಾಲಾನಗರ, ಮೂಸಾಪೇಟ್ ಅಂತ ಸಾಲಾಗಿ ಬರುತ್ತವೆ. ಬಸ್ಸು ಎಲ್ಲಿ ನಿಂತು ಬೆವರುತ್ತೋ ಅಲ್ಲಿ ಇಳಿದು ಮೆಟ್ಟಿಲು ಹತ್ತಿದರೆ ಆಯಿತು. ನಮ್ಮ ಮಾವ ಇದಕ್ಕೆ "ಕಂಬ ಕಂಡಲ್ಲಿ ಇಳಿ" ಅಂತಾನೆ.

ಇನ್ನೊಂದು. ಆ ಊರಿನಲ್ಲಿ ವಿಳಾಸ ಹೇಳೋದೂ ಕಂಬದ ನಂಬರಿನಲ್ಲೇ. "ಪಿಲ್ಲರ್ ನಂಬರ್ ಇಷ್ಟರ ಎದುರಿಗೆ" ಅಂತ. ಮೊದಲ ಸಲ ಕೇಳಿದಾಗ ತಮಾಷೆ ಮಾಡ್ತಿದ್ದಾರೆ ಅಂದುಕೊಂಡಿದ್ದೆ. ನಿಮ್ಮ ಅತ್ತೆ ಮಗನನ್ನೂ ಅವನ ಓಣಿಯ ಹತ್ತಿರದ ಕಂಬದ ನಂಬರ್ ಕೇಳಿಟ್ಟುಕೊಳ್ಳಿ.

ವಾಡಿ ಜಂಕ್ಷನ್
ಎಲ್ಲರೂ ಬಸ್ಸು ಬಸ್ಸು ಅಂತೀರಲ್ಲ, ರೈಲು ಏನು ಪಾಪ ಮಾಡಿತ್ತು? ಮುಂಬೈಯಿಂದ ಬರುವ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಕಲಬುರಗಿ, ವಾಡಿ, ತಾಂಡೂರು, ವಿಕಾರಾಬಾದ್ ಮೇಲೆ ನಾಂಪಲ್ಲಿಗೆ ಹೋಗುತ್ತೆ. ಕಾಲು ಚಾಚಿ ಮಲಗಬಹುದು, ಶೌಚಾಲಯ ಗಾಡಿಯಲ್ಲೇ ಇದೆ. ಅಪ್ಪನಿಗೆ ಇದೇ ಒಳ್ಳೆಯದು. ನಾಂಪಲ್ಲಿ ಸ್ಟೇಷನ್ ಹೊರಗೆ ಬಂದರೆ ಪಕ್ಕದಲ್ಲೇ ಮೆಟ್ರೋ, ಅದೂ ಕೆಂಪು ಲೈನೇ. ಅಲ್ಲಿಂದ ದಿಲ್‌ಸುಖ್‌ನಗರ ಏಳು ಸ್ಟೇಷನ್.

ಆದರೆ ಟಿಕೆಟ್ ಮಾಡಿಸುವಾಗ ಗಾಡಿ ಎಲ್ಲಿಗೆ ಮುಟ್ಟುತ್ತೆ ಅಂತ ನೋಡಿ. ಹೈದರಾಬಾದ್ ಅಂತ ಬರೆದಿದ್ದರೆ ನಾಂಪಲ್ಲಿ. ಸಿಕಂದರಾಬಾದ್ ಬೇರೆ, ಕಾಚಿಗುಡ ಬೇರೆ. 2025ರ ಜನವರಿಯಲ್ಲಿ ಚರ್ಲಪಲ್ಲಿ ಅಂತ ಹೊಸ ಟರ್ಮಿನಲ್ ಶುರುವಾಗಿದೆ, ಅದು ಊರಿನ ಪೂರ್ವದ ತುದಿ. ಸುಮ್ನೆ ಯಾವುದೋ ಗಾಡಿ ಹತ್ತಿ ಅಲ್ಲಿ ಇಳಿದರೆ ಆಟೋದವನಿಗೆ ಮತ್ತೆ ಹಬ್ಬ.

ನಿವೃತ್ತ ಮಾಸ್ತರ (ಕಲಬುರಗಿ)
ವಾಡಿ ಹೆಸರು ಬಂದದ್ದಕ್ಕೆ ಹೇಳುತ್ತೇನೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಬಂದದ್ದು 1874ರಲ್ಲಿ. ಇಡೀ ಹೈದರಾಬಾದ್ ಸಂಸ್ಥಾನ ಹೊರಜಗತ್ತಿಗೆ ರೈಲಿನಲ್ಲಿ ಸೇರಿದ್ದು ನಮ್ಮ ವಾಡಿಯ ಮೂಲಕ. ಬಸ್ಸಿನ ಕಥೆಯೂ ಇದೆ. 1932ರಲ್ಲಿ ನಿಜಾಮರ ರೈಲ್ವೆಯೇ 27 ಬಸ್ಸಿಟ್ಟುಕೊಂಡು ರಸ್ತೆ ಸಾರಿಗೆ ಶುರುಮಾಡಿತು. ಇವತ್ತಿಗೂ ಅಲ್ಲಿನ ಸರ್ಕಾರಿ ಬಸ್ಸಿನ ನಂಬರ್ ಪ್ಲೇಟಿನಲ್ಲಿ ಝಡ್ ಅಕ್ಷರ ಕಾಣುತ್ತದೆ. ಅದು ನಿಜಾಮರ ತಾಯಿ ಝಹ್ರಾ ಬೇಗಂ ಹೆಸರಿನ ಮೊದಲ ಅಕ್ಷರ ಅಂತ ಹಿರಿಯರು ಹೇಳುತ್ತಿದ್ದರು. 1956ರವರೆಗೂ ನಾವು ಹೈದರಾಬಾದ್ ರಾಜ್ಯದವರೇ ತಾನೇ? ಕೋರ್ಟು, ಕಾಲೇಜು, ಮದುವೆ ಸೀರೆ, ಎಲ್ಲಕ್ಕೂ ಅಲ್ಲಿಗೇ ಓಡುತ್ತಿದ್ದೆವು. ನನ್ನ ತಂದೆ ಬೆಂಗಳೂರನ್ನು ನೋಡಿದ್ದೇ ಐವತ್ತು ದಾಟಿದ ಮೇಲೆ.

ಹುಮನಾಬಾದ್ ಹುಡುಗ
ಮಾಸ್ತರರೇ, ಚಂದ ಹೇಳಿದಿರಿ. ಪಾಪ ಅವರು ಮುಂದಿನ ವಾರ ಹೋಗಬೇಕು, ಈಗ 1932ರಿಂದ ವಾಪಸ್ ಬನ್ನಿ.

ನಿವೃತ್ತ ಮಾಸ್ತರ (ಕಲಬುರಗಿ)
ಬಂದೆ. ಒಂದು ಉಪಯೋಗದ ಮಾತು ಹೇಳಿಯೇ ಹೋಗುತ್ತೇನೆ. ಸಿಟಿ ಬಸ್ಸಿನ ಬೋರ್ಡು ತೆಲುಗಿನಲ್ಲಿರುತ್ತದೆ ಅಂತ ಹೆದರಬೇಡಿ. ಕನ್ನಡ ಓದುವವನಿಗೆ ತೆಲುಗು ಅಕ್ಷರ ಮುಕ್ಕಾಲು ಪಾಲು ಬರುತ್ತದೆ. ನಮ್ಮ ತಲೆಕಟ್ಟು ಮಲಗಿದ ಗೆರೆ, ಅವರದ್ದು ಮಾಸ್ತರ ಹಾಕುವ ರೈಟ್ ಗುರುತು. ಅಷ್ಟೇ ವ್ಯತ್ಯಾಸ ಅಂದುಕೊಂಡು ಓದಿ. ನ, ಗ, ರ, ಬ, ಲ, ದ ಎಲ್ಲವೂ ಗುರುತು ಸಿಗುತ್ತವೆ. ಕ ಮತ್ತು ತ ಮಾತ್ರ ಸ್ವಲ್ಪ ಆಟ ಆಡಿಸುತ್ತವೆ. ಹತ್ತು ಬೋರ್ಡು ಓದಿದ ಮೇಲೆ ಅವೂ ಪಳಗುತ್ತವೆ. ಬಸ್ಸಿನ ನಂಬರ್ ಹೇಗೂ ಎಲ್ಲರಿಗೂ ತಿಳಿಯುವ ಅಂಕಿಯಲ್ಲೇ ಇರುತ್ತದೆ.

ಬಿಸಿಲೂರಿನವ
ಮಾತಿಗಂತೂ ತೊಂದರೆ ಇಲ್ಲ. ನಮ್ಮ ಕಲಬುರಗಿ ಉರ್ದು ಅಲ್ಲಿ ಧಾರಾಳ ನಡೆಯುತ್ತೆ. "ನಕೋ" (ಬೇಡ), "ಹೌ" (ಹೌದು), "ಕಾಯ್ಕು" (ಯಾಕೆ) ಅಂದರೆ ಸಾಕು, ಅಲ್ಲಿಯವರೇ ಅಂದುಕೊಳ್ಳುತ್ತಾರೆ. ಎಲ್ಲಿಂದ ಬಂದಿರಿ ಅಂತ ಆಟೋದವ ಕೇಳಿದರೆ ಮಾತ್ರ ಊರ ಹೆಸರು ಹೇಳಬೇಡಿ. "ದಿಲ್‌ಸುಖ್‌ನಗರ್" ಅನ್ನಿ, ಸುಳ್ಳೇನಲ್ಲವಲ್ಲ.

ತೊಗರಿಹೊಲ (ಕಲಬುರಗಿ)
ಇಷ್ಟು ಜನ ಬರೆದಿರಿ, ತುಂಬಾ ಧೈರ್ಯ ಬಂತು. ರೈಲಿಗೆ ನೋಡಿದೆ, ನಮಗೆ ಬೇಕಾದ ದಿನ ವೇಟಿಂಗ್ ಇದೆ. ಬಸ್ಸಿನಲ್ಲೇ ಹೋಗ್ತೀವಿ, ಹುಮನಾಬಾದ್ ಮೇಲೆ. ಇನ್ನೆರಡು ಪ್ರಶ್ನೆ. ನಿಮ್ಸ್‌ಗೆ ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು? ಕೊನೇ ಎರಡು ದಿನಕ್ಕೆ ಅಮ್ಮನೂ ಬರ್ತಾಳೆ. ಅವಳಿಗೆ ಬಸ್ಸು ಫ್ರೀ ಇರುತ್ತಾ?

ಬೀದರಿನ ಅಕ್ಕ
ಫ್ರೀ ವಿಷಯ ನನ್ನನ್ನು ಕೇಳಿ, ಪೆಟ್ಟು ತಿಂದು ಕಲಿತಿದ್ದೀನಿ. ನಮ್ಮ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು, ಅದು ಕರ್ನಾಟಕದ ಒಳಗೆ ಮಾತ್ರ. ಹೈದರಾಬಾದ್ ಬಸ್ಸಿಗೆ ನಿಮ್ಮ ಅಮ್ಮ ಟಿಕೆಟ್ ತಗೊಳ್ಳಲೇಬೇಕು. ಅವರದ್ದು ಮಹಾಲಕ್ಷ್ಮಿ ಅಂತ, ಅದೇ ವರ್ಷ ಡಿಸೆಂಬರ್ 9ಕ್ಕೆ ಶುರು. ಅದು ತೆಲಂಗಾಣದ ಹೆಂಗಸರಿಗೆ ಮಾತ್ರ.

ನಾನು ಕೋಠಿಯಲ್ಲಿ ಸಿಟಿ ಬಸ್ ಹತ್ತಿ ಅಭ್ಯಾಸಬಲದಿಂದ ಆಧಾರ್ ಕಾರ್ಡ್ ಮುಂದೆ ಹಿಡಿದೆ. ಕಂಡಕ್ಟರ್ ಕೂಡ ಹೆಂಗಸೇ. ಕಾರ್ಡು ನೋಡಿದಳು, ನನ್ನ ಮುಖ ನೋಡಿದಳು, "ಬೀದರ್ ಅಮ್ಮ, ಬೀದರ್‌ನಲ್ಲಿ ತೋರಿಸು" ಅಂತ ತೆಲುಗಿನಲ್ಲಿ ಹೇಳಿ ನಕ್ಕಳು. ಸುತ್ತ ನಿಂತ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕು ದುಡ್ಡು ಕೊಟ್ಟೆ. ಇನ್ನೇನು ಮಾಡ್ತೀರಿ?

ಫ್ರೀ ಆದ ಮೇಲೆ ಅಲ್ಲೂ ಬಸ್ಸು ನಮ್ಮಲ್ಲಿಯ ಹಾಗೇ ತುಂಬಿ ತುಳುಕುತ್ತೆ. ಬೆಳಿಗ್ಗೆ 9ರಿಂದ 11 ಹತ್ತೋದೇ ಬೇಡ. ಅಮ್ಮನನ್ನು ಮುಂದಿನ ಬಾಗಿಲಿನಿಂದ ಹತ್ತಿಸಿ, ಹೆಂಗಸರ ಸೀಟು ಮುಂದಿರುತ್ತವೆ. ಮೆಟ್ರೋದಲ್ಲೂ ಹೆಂಗಸರಿಗೆ ಬೇರೆ ಜಾಗ ಇದೆ, ಪ್ಲಾಟ್‌ಫಾರ್ಮ್ ಮೇಲೆ ಗುರುತು ಹಾಕಿರ್ತಾರೆ.

ಕೂಕಟ್‌ಪಲ್ಲಿ ಕನ್ನಡಿಗ
ನಿಮ್ಸ್ ಇರೋದು ಪಂಜಗುಟ್ಟ ಮತ್ತು ಇರ್ರಂ ಮಂಜಿಲ್ ಎರಡು ಸ್ಟೇಷನ್ನಿನ ನಡುವೆ. ಯಾವುದರಲ್ಲಿ ಇಳಿದರೂ ನಡೆಯಬಹುದು, ಆದರೆ ಫುಟ್‌ಪಾತ್ ನಂಬಬೇಡಿ. ಅಪ್ಪನಿಗೆ ಕಷ್ಟ ಆದರೆ ಅಷ್ಟು ದೂರಕ್ಕೆ ಮಾತ್ರ ಆಟೋ ಹಿಡಿಯಿರಿ. ದಿಲ್‌ಸುಖ್‌ನಗರದಿಂದ ಆಟೋ ಹಿಡಿಯೋದಕ್ಕೂ ಪಂಜಗುಟ್ಟ ಸ್ಟೇಷನ್ ಕೆಳಗೆ ಹಿಡಿಯೋದಕ್ಕೂ ಬಹಳ ವ್ಯತ್ಯಾಸ ಇದೆ.

ಹೊತ್ತಿನ ಬಗ್ಗೆ ಹೇಳ್ತೀನಿ. ಮೆಟ್ರೋ ಬೆಳಿಗ್ಗೆ 6ಕ್ಕೆ ಶುರು. ಒಪಿಡಿ ಚೀಟಿಗೆ ಬೇಗ ಹೋಗಲೇಬೇಕಲ್ಲ, 7 ಗಂಟೆಯೊಳಗೆ ಗಾಡಿಯಲ್ಲಿರಿ. 8.30 ದಾಟಿದರೆ ಎಲ್.ಬಿ. ನಗರ ಕಡೆಯಿಂದ ಬರೋ ಗಾಡಿ ತುಂಬಿ ಬರುತ್ತೆ. ಬೋಗಿ ಮೂರೇ ಮೂರು, ಅದೇ ದೊಡ್ಡ ತೊಂದರೆ. ಅಮೀರ್‌ಪೇಟ್‌ನಲ್ಲಿ ನೀಲಿ ಲೈನು ಕೂಡುತ್ತೆ. ಹೈಟೆಕ್ ಸಿಟಿ ಕಡೆ ಹೋಗೋ ಐಟಿ ಮಂದಿ ಎಲ್ಲ ಅಲ್ಲಿಗೇ ಹೊರಟಿರ್ತಾರೆ, ನೀವು ಇಳಿಯೋದು ಅದರ ಹಿಂದಿನ ಸ್ಟೇಷನ್ನಿನಲ್ಲಿ. ಪಂಜಗುಟ್ಟ ಬರೋ ಮುಂಚೆ, ಇರ್ರಂ ಮಂಜಿಲ್‌ನಲ್ಲೇ ಎದ್ದು ಬಾಗಿಲ ಹತ್ತಿರ ಬನ್ನಿ. ಇಲ್ಲದಿದ್ದರೆ ಆ ಗುಂಪು ನಿಮ್ಮನ್ನು ಅಮೀರ್‌ಪೇಟ್‌ಗೇ ಒಯ್ಯುತ್ತೆ. ನನಗೆ ಆಗಿದೆ, ಅದಕ್ಕೇ ಹೇಳ್ತಿದ್ದೀನಿ.

ಟಿಕೆಟ್‌ಗೆ ಕ್ಯೂ ನಿಲ್ಲೋದು ಬೇಡ ಅಂದರೆ ವಾಟ್ಸಾಪಿನಲ್ಲೇ ತೆಗೆಯಬಹುದು. ಮೊಬೈಲ್ ತೋರಿಸಿದರೆ ಗೇಟು ತೆಗೆಯುತ್ತೆ. ಅಪ್ಪನನ್ನು ಮೊದಲು ಒಳಗೆ ಬಿಟ್ಟು ನೀವು ಹಿಂದೆ ಹೋಗಿ. ನೀವು ಮೊದಲು ದಾಟಿ ಆಚೆ ನಿಂತರೆ ಅವರು ಈಚೆ ಉಳಿದು ಗಾಬರಿ ಆಗ್ತಾರೆ.

ಸೇಡಂ ರಸ್ತೆ
ಲಿಫ್ಟ್ ಪ್ರತಿ ಸ್ಟೇಷನ್ನಿನಲ್ಲೂ ಇದೆ, ಆದರೆ ರಸ್ತೆಯ ಯಾವ ಪಕ್ಕದಲ್ಲಿ ಅನ್ನೋದು ಹುಡುಕಬೇಕು. ಎಸ್ಕಲೇಟರ್ ಹತ್ತಿಸೋ ಆಸೆ ಬಿಟ್ಟುಬಿಡಿ, ಕೋಲು ಸಿಕ್ಕಿಹಾಕಿಕೊಳ್ಳುತ್ತೆ.

ವಾಡಿ ಜಂಕ್ಷನ್
ಎಂಎಂಟಿಎಸ್ ಅಂತ ಲೋಕಲ್ ರೈಲೂ ಇದೆ, 2003ರಿಂದ ಓಡುತ್ತಿದೆ. ಲಿಂಗಂಪಲ್ಲಿಯಿಂದ ಬೇಗಂಪೇಟೆ ಮೇಲೆ ನಾಂಪಲ್ಲಿ, ಸಿಕಂದರಾಬಾದ್ ಕಡೆಗೆ. ಐದು ರೂಪಾಯಿಯಿಂದ ಟಿಕೆಟ್ ಶುರು. ಅಷ್ಟು ಅಗ್ಗ ಇನ್ನೆಲ್ಲೂ ಸಿಗೋಲ್ಲ. ಮುಂಬೈ ಕಡೆಯಿಂದ ಬರುವ ಹಲವು ಗಾಡಿ ಲಿಂಗಂಪಲ್ಲಿಯಲ್ಲೂ ನಿಲ್ಲುತ್ತವೆ, ಅಲ್ಲೇ ಬದಲಿಸಬಹುದು. ಆದರೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಡಾಕ್ಟರ್ ಟೈಮ್ ಕೊಟ್ಟ ದಿನ ಅದನ್ನು ನಂಬಿ ಕೂರಬೇಡಿ.

ಹೆಸರಿನ ಮೋಸವೂ ಇದೆ. ಎಂಎಂಟಿಎಸ್‌ನ ಹೈಟೆಕ್ ಸಿಟಿ ಸ್ಟೇಷನ್ ಬೇರೆ, ಮೆಟ್ರೋದ ಹೈಟೆಕ್ ಸಿಟಿ ಬೇರೆ, ನಡುವೆ ಕಿಲೋಮೀಟರ್‌ಗಟ್ಟಲೆ ಅಂತರ. ಸಿಕಂದರಾಬಾದಿನಲ್ಲಿ ಮೆಟ್ರೋ ಸ್ಟೇಷನ್ನೇ ಎರಡು. ಈಸ್ಟ್ ಅಂದರೆ ನೀಲಿ ಲೈನು, ವೆಸ್ಟ್ ಅಂದರೆ ಹಸಿರು.

ಹುಮನಾಬಾದ್ ಹುಡುಗ
ಊರು ಸುತ್ತುವ ಯೋಚನೆ ಇದ್ದರೆ ಸಿಟಿ ಬಸ್ಸಿನಲ್ಲಿ ಟಿ-24 ಅಂತ ಟಿಕೆಟ್ ಕೇಳಿ. ಒಂದು ಸಲ ತಗೊಂಡರೆ 24 ಗಂಟೆ ಎಷ್ಟು ಬಸ್ಸಾದರೂ ಹತ್ತಿ ಇಳಿಯಬಹುದು. ಪಟಾನ್‌ಚೆರು ಕಡೆಯಿಂದ 218 ನಂಬರ್ ಕೋಠಿಗೆ, 219 ಸಿಕಂದರಾಬಾದಿಗೆ. ನಾನು ನೆನಪಿಟ್ಟುಕೊಂಡಿರೋದು ಇವೆರಡೇ. ಇವೆರಡರಲ್ಲೇ ನನ್ನ ಎಲ್ಲ ಕೆಲಸ ಮುಗಿದಿದೆ.

ಬಿಸಿಲೂರಿನವ
ನಿಜ ಹೇಳಬೇಕು ಅಂದರೆ ನನಗೆ ಸಿಟ್ಟು ಬರುತ್ತೆ. ಎಂಟು ಗಂಟೆ ಒಪಿಡಿಗೆ ಕಲಬುರಗಿಯಿಂದ ಹಿಂದಿನ ದಿನವೇ ಹೊರಡಬೇಕು. ಈಗ ನಮ್ಮಲ್ಲೂ ಹೃದಯಕ್ಕೆ ಜಯದೇವ ಇದೆ, ಕ್ಯಾನ್ಸರಿಗೆ ಕಿದ್ವಾಯಿ ಕೇಂದ್ರ ಇದೆ, ಜಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ. ಆದರೂ ಚೀಟಿ ಬರೆದು ಹೈದರಾಬಾದ್, ಸೊಲ್ಲಾಪುರ ಅಂತಲೇ ಕಳಿಸುತ್ತಾರೆ. ಬಸ್ಸಿನ ದಾರಿ ಕಲಿಯೋದಕ್ಕೆ ಇಷ್ಟು ಬರೀಬೇಕಾಗಿ ಬಂದದ್ದೇ ಅದಕ್ಕೆ.

ತೊಗರಿಹೊಲ (ಕಲಬುರಗಿ)
ಅದು ಬೇರೆ ದೊಡ್ಡ ಮಾತು ಅಣ್ಣ, ಇನ್ನೊಂದು ದಿನ ಕೂತು ಮಾತಾಡೋಣ. ನಾಳೆ ಬೆಳಿಗ್ಗೆ ಹೊರಡ್ತೀವಿ. ಬಂದ ಮೇಲೆ ಬರೀತೀನಿ.

ತೊಗರಿಹೊಲ (ಕಲಬುರಗಿ)
ಬಂದೆವು. ಅಪ್ಪ ಆರಾಮ ಇದ್ದಾನೆ, ಔಷಧಿ ಬದಲಿಸಿದ್ದಾರೆ, ಎರಡು ತಿಂಗಳ ಮೇಲೆ ಮತ್ತೆ ಬರೋಕೆ ಹೇಳಿದ್ದಾರೆ. ಹೇಗಾಯಿತು ಅಂತ ಹೇಳ್ತೀನಿ.

ಮಿಯಾಪುರದಲ್ಲಿ ನಿಲ್ಲಿಸಿ ಅಂತ ಡ್ರೈವರನಿಗೆ ಜಹೀರಾಬಾದಿನಲ್ಲೇ ಹೇಳಿದ್ದೆ. ಆಯಿತು ಅಂದ. ಮರೆತ. ಅಪ್ಪ ಕಿಟಕಿಯಿಂದ ಕಂಬ ಎಣಿಸುತ್ತಾ ಕೂತಿದ್ದ, ನಾನು ಮುಂದೆ ಹೋಗಿ ಕೂಗೋ ಹೊತ್ತಿಗೆ ಕೆಪಿಎಚ್‌ಬಿ ಬಂದಿತ್ತು. ಸಿಗ್ನಲ್‌ನಲ್ಲಿ ಬಸ್ಸು ಹೇಗೂ ನಿಂತಿತ್ತು, ಇಳಿದೆವು. ಕಂಬ ಕಂಡಲ್ಲಿ ಇಳಿ ಅಂದವರ ಮಾವನಿಗೆ ನನ್ನ ನಮಸ್ಕಾರ ಹೇಳಿ. ಆದರೆ ಲಿಫ್ಟ್ ಆಚೆ ಪಕ್ಕದಲ್ಲಿದೆ ಅಂದರು. ಆ ರಸ್ತೆ ದಾಟೋದು ಅಂದರೆ ಏನು ಹೇಳಲಿ! ಬೀದರಿನ ಅಕ್ಕನ ಮಾತು ನೆನಪಾಯಿತು. ಕಡೆಗೆ ಒಬ್ಬ ಕಾಲೇಜು ಹುಡುಗ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿ, ಅಪ್ಪನ ತೋಳು ಹಿಡಿದು ದಾಟಿಸಿದ.

ಮೇಲೆ ಹೋದರೆ ಚೀಲ ತಪಾಸಣೆ. ನಮ್ಮ ಬುತ್ತಿ ಮಷಿನ್ನಿನೊಳಗೆ ಹೋಯಿತು, ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಸೆಕ್ಯುರಿಟಿಯವನು ಸ್ಟೀಲ್ ಡಬ್ಬಿ ತೋರಿಸಿ "ಈ ಪುಡಿ ಏನು?" ಅಂತ ಕೇಳಿದ. ಶೇಂಗಾ ಹಿಂಡಿ ಅಂದೆ, ಅವನಿಗೆ ತಿಳಿಯಲಿಲ್ಲ. ಅಪ್ಪ ಡಬ್ಬಿ ತೆಗೆದು ಅಂಗೈ ಮೇಲೆ ಸ್ವಲ್ಪ ಹಾಕಿಕೊಂಡು ತಾನೇ ತಿಂದು ತೋರಿಸಿದ. "ತಗೋ, ನೀನೂ ನೋಡು" ಅಂತ ಅವನ ಮುಂದೆಯೂ ಹಿಡಿದ. ಅವನು ಬೇಡ ಬೇಡ ಅಂತ ನಕ್ಕು ಬಿಟ್ಟುಬಿಟ್ಟ. ಹಿಂದೆ ಇಪ್ಪತ್ತು ಜನ ಕ್ಯೂನಲ್ಲಿ ನಿಂತಿದ್ದರು.

ಗಾಡಿಯಲ್ಲಿ ಸೀಟು ಸಿಕ್ಕಿತು. ಕೆಳಗೆ ನಮ್ಮ ಬಸ್ಸು ಎಲ್ಲಾದರೂ ಕಾಣುತ್ತಾ ಅಂತ ಅಪ್ಪ ಮೂಸಾಪೇಟ್‌ವರೆಗೂ ಕತ್ತು ಹೊರಳಿಸಿ ನೋಡಿದ. ಅಸೆಂಬ್ಲಿ ಬಿಳಿ ಕಟ್ಟಡ ಬಂದಾಗ ಸುಮ್ಮನಾದ. ಮೂಸಿ ಹೊಳೆ ದಾಟುವಾಗ "ಇಲ್ಲೇನೂ ನೀರೇ ಇಲ್ಲಲ್ಲೋ, ವಾಸನಿ ಅಷ್ಟೇ ಅದ" ಅಂದ. ಪಕ್ಕದಲ್ಲಿ ಕೂತವರು ರಾಯಚೂರಿನವರು, ಅವರಿಗೆ ಕನ್ನಡ ಕಿವಿಗೆ ಬಿತ್ತು. ದಿಲ್‌ಸುಖ್‌ನಗರ ಬರೋವರೆಗೂ ಇಬ್ಬರೂ ಕಿಡ್ನಿ ಟೆಸ್ಟಿನಲ್ಲಿ ಕ್ರಿಯಾಟಿನಿನ್ ಎಷ್ಟು ಬಂದಿದೆ ಅಂತ ಮಾತಾಡಿಕೊಂಡರು.

ದಿನಾ ಬೆಳಿಗ್ಗೆ 6.40ರ ಸುಮಾರಿಗೆ ಹತ್ತುತ್ತಿದ್ದೆವು. ಪಂಜಗುಟ್ಟದಲ್ಲಿ ಇಳಿದು, ಎರಡು ದಿನ ನಡೆದೆವು, ಉಳಿದ ದಿನ ಶೇರ್ ಆಟೋ. ವಾಪಸ್ ಬರುವಾಗ ಒಂದು ಸಲ ಸಂಜೆ 6.30 ಆಗಿಬಿಟ್ಟಿತು. ಎರಡು ಗಾಡಿ ಬಿಟ್ಟು ಮೂರನೇದಕ್ಕೆ ಹತ್ತಿದೆವು. ಒಳಗೆ ಜಾಗ ಇಲ್ಲ. ಕಿವಿಗೆ ವೈರ್ ಹಾಕಿಕೊಂಡ ಒಬ್ಬ ಹುಡುಗಿ, ಕಣ್ಣು ಮೊಬೈಲಿನಲ್ಲೇ ಇತ್ತು, ಅಪ್ಪನ ಕೋಲು ಅವಳ ಕಾಲಿಗೆ ತಾಗಿದ ಕೂಡಲೇ ಎದ್ದು ಸೀಟು ಬಿಟ್ಟಳು.

ಐದು ದಿನಕ್ಕೆ ಇಬ್ಬರ ಮೆಟ್ರೋ, ಶೇರ್ ಆಟೋ, ಎಲ್ಲಾ ಸೇರಿ ಸಾವಿರದ ಇನ್ನೂರರ ಒಳಗೆ. ಮೋಸ ಹೋದದ್ದು ಒಂದೇ ಸಲ. ಅಮ್ಮ ಬಂದ ರಾತ್ರಿ ಮಳೆ ಇತ್ತು. ಮೊಬೈಲ್ ಆ್ಯಪಿನಲ್ಲಿ ಗಾಡಿ ಕರೆದೆ. ಮೂವರು ಡ್ರೈವರು ಒಬ್ಬರಾದ ಮೇಲೆ ಒಬ್ಬರು ಒಪ್ಪಿಕೊಂಡು ಕೈಬಿಟ್ಟರು. ನಾಲ್ಕನೆಯವನು ಬಂದು, ತೋರಿಸಿದ ದರದ ಮೇಲೆ ಎಂಬತ್ತು ಕೇಳಿದ. ಕೊಟ್ಟೆ. ಮಳೆಯಲ್ಲಿ ಅಮ್ಮನನ್ನು ನಿಲ್ಲಿಸಿಕೊಂಡು ಏನು ವಾದ ಮಾಡಲಿ?

ವಾಪಸ್ ಬರುವಾಗ ಎಂಜಿಬಿಎಸ್‌ನಿಂದಲೇ ಹತ್ತಿದೆವು. ಹೋಗುವಾಗ ಕಂಬ ಕಂಡಲ್ಲಿ ಇಳಿಯಬೇಕು, ಬರುವಾಗ ಎಂಜಿಬಿಎಸ್‌ಗೇ ಹೋಗಬೇಕು. ಅಲ್ಲಿ ಬಸ್ಸು ಖಾಲಿ ಇರುತ್ತೆ, ಬೇಕಾದ ಸೀಟು ಸಿಗುತ್ತೆ. ಮಿಯಾಪುರದಲ್ಲಿ ಕಾದಿದ್ದರೆ ನಿಂತೇ ಬರಬೇಕಾಗುತ್ತಿತ್ತು. ಈ ಲೆಕ್ಕದಲ್ಲಿ ಅಕ್ಕನೂ ಗೆದ್ದರು, ಕೂಕಟ್‌ಪಲ್ಲಿ ಅಣ್ಣನೂ ಗೆದ್ದರು.

ಬೀದರಿನ ಅಕ್ಕ
ಅಪ್ಪ ಆರಾಮ ಇದ್ದಾರಲ್ಲ, ಅಷ್ಟೇ ಸಾಕು. ಅಮ್ಮ ಆಧಾರ್ ತೋರಿಸಿದರಾ?

ತೊಗರಿಹೊಲ (ಕಲಬುರಗಿ)
ತೋರಿಸಿದಳು ಅಕ್ಕ. ನಾನು ಹೇಳಿದ್ದೆ, ಆದರೂ ತೋರಿಸಿದಳು. "ಕೇಳೋಕೇನು ಖರ್ಚು?" ಅಂದಳು.

ಗುರುಮಠಕಲ್ ಗಾಡಿ (ಯಾದಗಿರಿ)
ತಡವಾಗಿ ನೋಡಿದೆ. ನಮ್ಮ ತಂಗಿಯನ್ನು ಗಾಂಧಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನಮ್ಮ ಬಸ್ಸು ಎಂಜಿಬಿಎಸ್‌ಗೆ ಬರುತ್ತೆ. ಅಲ್ಲಿಂದ ಇದೇ ಕೆಂಪು ಲೈನಾ?

ಕೂಕಟ್‌ಪಲ್ಲಿ ಕನ್ನಡಿಗ
ಅಲ್ಲ, ಹಸಿರು. ಎಂಜಿಬಿಎಸ್ ಸ್ಟೇಷನ್ನಿನಲ್ಲಿ ಎರಡೂ ಲೈನು ಕೂಡುತ್ತವೆ. ಜೆಬಿಎಸ್ ಅಂತ ಬೋರ್ಡಿರೋ ಕಡೆ ಹೋಗಿ. ಹಸಿರು ಲೈನು ಅಲ್ಲಿಂದಲೇ ಶುರು, ಆದ್ದರಿಂದ ಕೂರೋಕೆ ಜಾಗ ಸಿಗುತ್ತೆ. ಸುಲ್ತಾನ್ ಬಜಾರ್, ನಾರಾಯಣಗುಡ, ಚಿಕ್ಕಡಪಲ್ಲಿ, ಆರ್‌ಟಿಸಿ ಕ್ರಾಸ್ ರೋಡ್, ಮುಶೀರಾಬಾದ್, ಆರನೇದು ಗಾಂಧಿ ಹಾಸ್ಪಿಟಲ್. ಸ್ಟೇಷನ್ನಿನ ಹೆಸರೇ ಅದು, ತಪ್ಪೋಕೆ ಸಾಧ್ಯವೇ ಇಲ್ಲ. ಯಾವ ದಿನ ಹೊರಡ್ತೀರಿ?

ಗುರುಮಠಕಲ್ ಗಾಡಿ (ಯಾದಗಿರಿ)
ಸೋಮವಾರ. ಹಿಂಡಿ ಡಬ್ಬಿ ಒಯ್ಯಬೇಕೋ ಬೇಡವೋ?

ತೊಗರಿಹೊಲ (ಕಲಬುರಗಿ)
ಒಯ್ಯಿರಿ. ಡಬ್ಬಿ ಮೇಲೇ ಇರಲಿ, ಬೇಗ ತೆಗೆದು ತೋರಿಸೋಕೆ ಬರುತ್ತೆ.